ಚಿನ್ನದ ಗಣಿಯ ಸೀಮೆಯಲ್ಲಿ ಕಾಲ್ಚೆಂಡಿನ ನ್ಯಾಯ

ಕೋಲಾರದ ಚಿನ್ನದ ಗಣಿಗಳನ್ನು ನೋಡಿಬರಬೇಕೆಂದು ಹೊರಡುವವರು ಅಲ್ಲಿ ಚಿನ್ನದ ಮಾತನ್ನೇ ಕೇಳಬಹುದೆಂದು ಎಣಿಸಿರುತ್ತಾರೆ. ಆದರೆ ಆ ಮಾತು ಈಗ ಹೆಚ್ಚಾಗಿ ಅಲ್ಲಿಯ ವೃದ್ಧರ ಬಾಯಲ್ಲಿ ಉಳಿದಿರುವುದು. ೨೦೦೧ನೆಯ ಇಸವಿಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಆ ವರ್ಷ ತೊಟ್ಟಿಲಲ್ಲಿದ್ದ ಕೂಸುಗಳು ಈಗ ಮೀಸೆ ಬಂದ ತರುಣರಾಗಿ ದುಡಿಯುತ್ತಿದ್ದಾರೆ. ಅವರ ನಡುವೆ ಸ್ವಲ್ಪ ಹೊತ್ತು ಕುಳಿತರೆ ಕಿವಿಗೆ ಬೀಳುವ ವಾದಗಳಲ್ಲಿ ಕಾಲ್ಚೆಂಡಿನಾಟಕ್ಕೆ ಸಂಬಂಧಿಸಿದುದೂ ಒಂದು. ಅದರಲ್ಲಿಯೂ ಆಟಗಾರರ ಗುಣದೋಷಗಳಿಗಿಂತ ತೀರ್ಪುಗಾರನ ಗುಣದೋಷಗಳೇ ಹೆಚ್ಚು ಹೊತ್ತು ಚರ್ಚೆಗೆ ಬರುತ್ತವೆ. ಗಣಿಯ ಸೀಮೆಯ ಪ್ರವಾಸವನ್ನು ಬರೆಯುವಾಗ ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ವಾಚಕರು ಆಶ್ಚರ್ಯಪಡಬಾರದು. ನ್ಯಾಯ ಅನ್ಯಾಯಗಳ ವಿಚಾರವು ಮನುಷ್ಯನ ಮನಸ್ಸನ್ನು ಎಷ್ಟು ಆಳವಾಗಿ ಕಲಕುವುದೆಂಬುದು ಆ ಊರಿನ ಚಹದಂಗಡಿಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ನಮಗೆ ಕಂಡುದಿಲ್ಲ.

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು ೭೦ ಕಿಲೋಮೀಟರು ರೈಲಿನಲ್ಲಿ ಹೋದರೆ ಬಂಗಾರಪೇಟೆ ಸಿಕ್ಕುತ್ತದೆ. ಹೆಸರನ್ನು ಕೇಳಿದವರು ಬಂಗಾರವು ಇಲ್ಲಿಯೇ ದೊರೆಯುತ್ತಿದ್ದಿತೆಂದು ಭಾವಿಸುವುದುಂಟು. ವಾಸ್ತವವಾಗಿ ಮೈಸೂರು ಸೀಮೆಯ ಕಮೀಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಇದು ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದಿತು. ಆಮೇಲೆ ಬಂಗಾರಪೇಟೆಯೆಂದೇ ನೆಲೆಯಾಯಿತು. ಇದು ರೈಲಿನ ಕೂಡುದಾರಿ. ಇಲ್ಲಿಂದ ಮಾರಿಕುಪ್ಪಂಗೆ ಹೋಗುವ ಕವಲುದಾರಿಯನ್ನು ೧೮೯೪ರಲ್ಲಿ ಗಣಿಗಳಿಗಾಗಿಯೇ ಹಾಕಿದರು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದಾದ ಮೇಲೊಂದು ಬರುವ ಸಣ್ಣ ಸಣ್ಣ ಸ್ಟೇಷನ್ನುಗಳ ಹೆಸರುಗಳಲ್ಲಿಯೇ ಗಣಿಯ ಚರಿತ್ರೆಯೆಲ್ಲ ಅಡಗಿದೆ. ಹಿಂದೆ ಕೆಲಸ ಹುಡುಕಿಕೊಂಡು ಜನರು ಈ ದಾರಿಯಲ್ಲಿ ಗಣಿಯ ಕಡೆಗೆ ಬರುತ್ತಿದ್ದರು. ಈಗ ಬೆಳಗಿನ ಜಾವದ ರೈಲುಗಳಲ್ಲಿ ಸಾವಿರಾರು ಮಂದಿ ಇದೇ ದಾರಿಯಲ್ಲಿ ಬೆಂಗಳೂರಿನ ಕಡೆಗೆ ಹೋಗಿ, ರಾತ್ರಿ ಹಿಂದಿರುಗುತ್ತಾರೆ. ದಾರಿ ಒಂದೇ ಆದರೂ ಪ್ರವಾಹವು ತಿರುಗಿದೆ.

ಬಂಗಾರಪೇಟೆಯಲ್ಲಿ ಇಳಿದವರು ಅಲ್ಲಿಯ ಪಾನಿಪುರಿಯನ್ನು ತಿನ್ನದೆ ಬರುವುದು ಕಡಮೆ. ಬೇರೆಡೆಯ ಪಾನಿಪುರಿಯ ನೀರು ಹಸುರಾಗಿಯೋ ಕೆಂಪಾಗಿಯೋ ಇದ್ದರೆ ಇಲ್ಲಿಯದು ಬಣ್ಣವಿಲ್ಲದ ತಿಳಿನೀರು. ನೋಡಿದರೆ ಬರಿಯ ನೀರೆಂದೇ ತೋರುವುದು. ಬಾಯಿಗೆ ಹಾಕಿಕೊಂಡ ಮೇಲೆಯೇ ಅದರ ಖಾರ ತಿಳಿಯುವುದು. ಕಣ್ಣು ಕಂಡುದಷ್ಟೇ ಸತ್ಯವಲ್ಲವೆಂಬ ಪಾಠವನ್ನು ಈ ಸೀಮೆಯು ಪ್ರವಾಸಿಗೆ ಬಾಗಿಲಲ್ಲಿಯೇ ಕಲಿಸುತ್ತದೆಂದು ತಮಾಷೆಯಾಗಿ ಹೇಳಬಹುದು.

ಗಣಿಯ ಊರು ಒಂದು ಊರಲ್ಲ. ಹಲವು ಊರುಗಳ ಕೂಟ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಉರಿಗಾಂ, ಚಾಂಪಿಯನ್ ರೀಫ್ಸ್, ಕೋರಮಂಡಲ್ ಎಂದು ಅದು ಹರಡಿಕೊಂಡಿದೆ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೈಹಾಕಿದ ಮೇಲೆ ಗಣಿಯ ಉದ್ಯಮವು ಭರದಿಂದ ಬೆಳೆಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿಗಿಂತ ಮೊದಲೇ ಇಲ್ಲಿಗೆ ಬಂದಿತು. ಬೇತಮಂಗಲದ ಕೆರೆಯಿಂದ ನೀರು ಬಂದಿತು. ಉತ್ತರ ಆರ್ಕಾಟಿನಿಂದ ತಮಿಳರು, ನೆರೆಯ ಸೀಮೆಗಳಿಂದ ತೆಲುಗರು, ಸುತ್ತಲಿನ ಹಳ್ಳಿಗಳಿಂದ ಕನ್ನಡಿಗರು, ಇವರಲ್ಲದೆ ಆಂಗ್ಲೋ ಇಂಡಿಯನ್ನರು, ಆಂಗ್ಲೇಯರು ಬಂದು ನೆಲಸಿದರು. ಸುಮಾರು ೧೨೦ ವರ್ಷಗಳಲ್ಲಿ ೮೦೦ ಟನ್ನಿನಷ್ಟು ಚಿನ್ನವನ್ನು ಈ ನೆಲ ಕೊಟ್ಟಿತು. ಅದಕ್ಕಾಗಿ ಮನುಷ್ಯರು ೩ ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದರು. ಈಗ ಪ್ರವಾಸಿಗೆ ಕಾಣುವುದು ನಿಂತುಹೋದ ಶಾಫ್ಟುಗಳ ಮೇಲಿನ ಕಬ್ಬಿಣದ ಗೋಪುರಗಳು, ಕೂಲಿಗಾರರ ಲೈನುಮನೆಗಳ ಸಾಲುಗಳು, ಚಿನ್ನವನ್ನು ತೆಗೆದಮೇಲೆ ಉಳಿದ ಮಣ್ಣಿನಿಂದಾದ ಸೈನೈಡ್ ಗುಡ್ಡಗಳು.

ಆಂಗ್ಲೇಯರು ತಮ್ಮ ಕ್ಲಬ್ಬು ಜಿಮ್‌ಖಾನೆಗಳೊಡನೆ ತಮ್ಮ ಆಟಗಳನ್ನೂ ತಂದರು. ಕಾಲ್ಚೆಂಡು ಎಲ್ಲಕ್ಕಿಂತ ಸುಲಭವಾದ ಆಟವಾದುದರಿಂದ ಲೈನುಮನೆಗಳ ಮಕ್ಕಳಿಗೂ ಅದು ದಕ್ಕಿತು. ಒಂದು ಚೆಂಡು, ನಾಲ್ಕು ಕಲ್ಲು, ಒಂದಷ್ಟು ಬಯಲು ಇಷ್ಟಿದ್ದರೆ ಸಾಕಲ್ಲವೆ? ಮೈಸೂರು ಸೀಮೆಗೆಲ್ಲ ಈ ಆಟದ ಹುಚ್ಚು ಹಳೆಯದು. ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ೧೯೪೬-೪೭ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿಗೆ ಎದುರಾಗಿ ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ ಅವರು ಬೆಂಗಳೂರಿನವರು. ಆ ಕಾಲದ ಪಂದ್ಯಗಳಲ್ಲಿಯೂ ತೀರ್ಪುಗಾರರು ತಪ್ಪಿದ್ದಿರಬೇಕು, ಜನರು ಬೈದಿರಬೇಕು. ಆದರೆ ಮರುದಿನದ ಹೊತ್ತಿಗೆ ಅದು ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ನಡುವಣ ವಿವಾದವಾಗಿ ಉಳಿಯುತ್ತಿದ್ದಿತು. ಸಾಕ್ಷ್ಯವಿರಲಿಲ್ಲ. ಈಗ ಸಾಕ್ಷ್ಯವು ಪ್ರತಿಯೊಬ್ಬನ ಅಂಗೈಯಲ್ಲಿದೆ. ಬೇಸರವು ಹುಟ್ಟಿರುವುದು ಅಲ್ಲಿಂದಲೇ.

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಬಳಿಯ ಒಂದು ಚಹದಂಗಡಿಯಲ್ಲಿ ನಾವು ಕೇಳಿದ ಸಂಭಾಷಣೆಯನ್ನು ಇಲ್ಲಿ ಸಂಗ್ರಹಿಸುವುದು ಅನುಚಿತವಾಗಲಾರದು. ಮಾತನಾಡಿದವರಲ್ಲಿ ಒಬ್ಬರು ಚಾಂಪಿಯನ್ ರೀಫ್ಸಿನ ಸುರಂಗಗಳಲ್ಲಿ ಮೂವತ್ತು ವರ್ಷ ದುಡಿದ ವೃದ್ಧರು. ಮತ್ತೊಬ್ಬನು ಅವರ ಸೋದರಳಿಯ, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ತರುಣ, ಬೆಂಗಳೂರು ಎಫ್. ಸಿ. ತಂಡದ ಅಭಿಮಾನಿ. ಕನ್ನಡ, ತಮಿಳು, ತೆಲುಗುಗಳು ಕಲಸಿದ ಅವರ ಮಾತನ್ನು ಕನ್ನಡಕ್ಕೆ ತಂದು ಬರೆದಿದ್ದೇವೆ.

“ಮಾವ, ಗೋವಾದಲ್ಲಿ ನಮಗಾದದ್ದು ಅನ್ಯಾಯವೋ ಅಲ್ಲವೋ, ನೀವೇ ಹೇಳಿ,” ಎಂದನು ಅಳಿಯ.

“ಕಂಠೀರವದಲ್ಲಿ ಕೇರಳದವರಿಗಾದದ್ದು ಏನಪ್ಪ? ಅದನ್ನು ಮೊದಲು ಹೇಳು,” ಎಂದರು ವೃದ್ಧರು.

ಅಳಿಯನು ಚಹದ ಲೋಟವನ್ನು ಕೆಳಗಿಟ್ಟನು. ಉತ್ತರ ಕೂಡಲೆ ಬರಲಿಲ್ಲ.

ಈ ಎರಡು ಪ್ರಶ್ನೆಗಳ ಹಿಂದಿನ ಸಂಗತಿಗಳನ್ನು ವಾಚಕರಿಗೆ ತಿಳಿಸಬೇಕು. ೨೦೨೩ನೆಯ ಮಾರ್ಚಿ ೩ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್. ಸಿ. ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಇಂಡಿಯನ್ ಸೂಪರ್ ಲೀಗಿನ ಪಂದ್ಯ ನಡೆಯಿತು. ಸೋತವರು ಕೂಟದಿಂದ ಹೊರಕ್ಕೆ. ನಿಗದಿಯಾದ ಕಾಲವು ಗೋಲಿಲ್ಲದೆ ಮುಗಿದು, ಹೆಚ್ಚಿನ ಕಾಲದ ೯೬ನೆಯ ನಿಮಿಷದಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಆಟಗಾರರು ಇನ್ನೂ ಅಡ್ಡಗೋಡೆಯಾಗಿ ನಿಲ್ಲುವ ಸಿದ್ಧತೆಯಲ್ಲಿದ್ದರು, ಗೋಲ್‌ಕೀಪರು ಸ್ಥಾನದಲ್ಲಿರಲಿಲ್ಲ. ಅಷ್ಟರಲ್ಲಿ ಸುನಿಲ್ ಛೆತ್ರಿಯವರು ಚೆಂಡನ್ನು ಒದ್ದು ಗೋಲು ಮಾಡಿಬಿಟ್ಟರು. ತೀರ್ಪುಗಾರರು ಅದನ್ನು ಮಾನ್ಯ ಮಾಡಿದರು. ಕೇರಳದ ಶಿಕ್ಷಕರಾದ ಇವಾನ್ ವುಕೊಮಾನೊವಿಚ್ ಅವರು ತಮ್ಮ ತಂಡವನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದರು. ತಂಡ ಹಿಂದಿರುಗಲಿಲ್ಲ, ಬೆಂಗಳೂರು ಗೆದ್ದಿತೆಂದು ತೀರ್ಮಾನವಾಯಿತು. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದವರ ಬೇಡಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯವರು ಒಪ್ಪಲಿಲ್ಲ. ತಂಡಕ್ಕೆ ೪ ಕೋಟಿ ರೂಪಾಯಿಗಳ ದಂಡವನ್ನೂ ಶಿಕ್ಷಕರಿಗೆ ೧೦ ಪಂದ್ಯಗಳ ನಿಷೇಧವನ್ನೂ ವಿಧಿಸಿದರು.

ಆಟದ ನಿಯಮ ಹೀಗಿದೆ: ತೀರ್ಪುಗಾರನು ಶಿಳ್ಳೆಗಾಗಿ ಕಾಯಬೇಕೆಂದು ಸೂಚಿಸದಿದ್ದರೆ, ಫ್ರೀ ಕಿಕ್ ದೊರೆತವರು ಎದುರಾಳಿಗಳ ಸಿದ್ಧತೆಗೆ ಕಾಯದೆ ಒದೆಯಬಹುದು. ಹಾಗಾದರೆ ಆ ಸಂಜೆಯ ಪ್ರಶ್ನೆ ಚೆಂಡು ಎಲ್ಲಿತ್ತೆಂಬುದಲ್ಲ. ಕಾಯಬೇಕೆಂದು ತೀರ್ಪುಗಾರರು ಸೂಚಿಸಿದ್ದರೋ ಇಲ್ಲವೋ ಎಂಬುದು. ಅದನ್ನು ಎಷ್ಟು ಸಲ ಚಿತ್ರದಲ್ಲಿ ನೋಡಿದರೂ ದೂರದ ಪ್ರೇಕ್ಷಕನಿಗೆ ನಿಶ್ಚಯವಾಗದು. ಬೆಂಗಳೂರಿನವರು ಅದನ್ನು ಚಾತುರ್ಯವೆಂದರು, ಕೇರಳದವರು ಮೋಸವೆಂದರು. ಇಬ್ಬರೂ ಒಂದೇ ಚಿತ್ರವನ್ನು ತೋರಿಸುತ್ತಿದ್ದರು.

ಅದಾಗಿ ಸರಿಯಾಗಿ ಹದಿನೈದು ದಿನಗಳಿಗೆ, ಮಾರ್ಚಿ ೧೮ರಂದು, ಗೋವಾದ ಫಟೋರ್ಡಾದಲ್ಲಿ ಅಂತಿಮ ಪಂದ್ಯ. ಬೆಂಗಳೂರಿಗೂ ಎ. ಟಿ. ಕೆ. ಮೋಹನ್ ಬಾಗಾನ್ ತಂಡಕ್ಕೂ ೨-೨ ಸಮವಾಯಿತು. ಆ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದ ಬಂದುವು. ಬೆಂಗಳೂರು ೨-೧ ಮುಂದಿದ್ದಾಗ ೮೫ನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಸಿಕ್ಕಿದ ಪೆನಾಲ್ಟಿಯು ಪಂದ್ಯವನ್ನು ಸಮ ಮಾಡಿತು. ಕೊನೆಗೆ ಪೆನಾಲ್ಟಿಗಳ ಸರದಿಯಲ್ಲಿ ಬೆಂಗಳೂರು ೩-೪ರಿಂದ ಸೋತಿತು. ಆ ರಾತ್ರಿಯೇ ತಂಡದ ಒಡೆಯರು ಬಹಿರಂಗವಾಗಿ ಅಸಮಾಧಾನವನ್ನು ಸೂಚಿಸಿ, ಲೀಗಿಗೆ ವಿಡಿಯೋ ಸಹಾಯದ ಏರ್ಪಾಡು ಬರಲೇಬೇಕೆಂದರು. ಅಭಿಮಾನಿಗಳು ಅದಕ್ಕಿಂತ ಗಟ್ಟಿಯಾಗಿ ಕೂಗಿದರು.

ಆ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಮಾತು ಹದಿನೈದು ದಿನಗಳ ಹಿಂದೆ ಕಂಠೀರವದಲ್ಲಿ ನಮ್ಮವರ ಬಾಯಿಂದ ಅಷ್ಟು ಗಟ್ಟಿಯಾಗಿ ಬಂದಿರಲಿಲ್ಲ. ಚಹದಂಗಡಿಯ ವೃದ್ಧರು ಅಳಿಯನಿಗೆ ಹಾಕಿದ ಪ್ರಶ್ನೆಯ ತಿರುಳು ಇದೇ. ನಮಗೆ ಲಾಭವಾದ ತೀರ್ಪನ್ನು ಆಟದ ಸೊಗಸೆಂದೂ, ನಷ್ಟವಾದ ತೀರ್ಪನ್ನು ಆಟದ ಕೇಡೆಂದೂ ಕರೆಯುವವನು ನ್ಯಾಯವನ್ನು ಬೇಡುತ್ತಿಲ್ಲ, ಗೆಲುವನ್ನು ಬೇಡುತ್ತಿದ್ದಾನೆ. ಗೆಲುವನ್ನು ಬೇಡುವುದು ಅಭಿಮಾನಿಯ ಹಕ್ಕೇ ಸರಿ. ಆದರೆ ಅದಕ್ಕೆ ನ್ಯಾಯದ ಹೆಸರನ್ನಿಡಬಾರದು.

ಅಳಿಯನು ಸುಮ್ಮನಿದ್ದು ಆಮೇಲೆ ಹೇಳಿದ ಮಾತು ನಮಗೆ ಮೆಚ್ಚುಗೆಯಾಯಿತು. “ಒಪ್ಪಿದೆ ಮಾವ. ಕಂಠೀರವದಲ್ಲಿ ನಾನೂ ಕುಣಿದೆ. ಆದರೆ ಒಂದು ಮಾತು. ನನ್ನ ಫೋನಿನಲ್ಲಿ ನಾನು ನಿಲ್ಲಿಸಿ ನಿಲ್ಲಿಸಿ ಹತ್ತು ಸಲ ನೋಡುತ್ತೇನೆ. ಮನೆಯಲ್ಲಿ ಅಮ್ಮ ನೋಡುತ್ತಾಳೆ. ಅಂಗಡಿಯವನು ನೋಡುತ್ತಾನೆ. ತೀರ್ಪು ಹೇಳುವವನೊಬ್ಬ ಮಾತ್ರ ನೋಡಬಾರದು ಅಂದರೆ ಇದು ಯಾವ ನ್ಯಾಯ?”

ಈ ಮಾತಿನ ಬಲವನ್ನು ದೇಶವೆಲ್ಲ ಅರಿತುದು ೨೦೨೪ನೆಯ ಜೂನ್ ೧೧ರಂದು. ಅಂದು ದೋಹಾದಲ್ಲಿ ಭಾರತಕ್ಕೂ ಕತಾರಿಗೂ ವಿಶ್ವಕಪ್ಪಿನ ಅರ್ಹತೆಗಾಗಿ ಪಂದ್ಯ. ೩೭ನೆಯ ನಿಮಿಷದಲ್ಲಿ ಛಾಂಗ್ಟೆಯವರ ಗೋಲಿನಿಂದ ಭಾರತವು ಮುಂದಿದ್ದಿತು. ಗೆದ್ದಿದ್ದರೆ ಭಾರತವು ಅರ್ಹತೆಯ ಮೂರನೆಯ ಸುತ್ತನ್ನು ಮುಟ್ಟುತ್ತಿದ್ದಿತು. ೭೩ನೆಯ ನಿಮಿಷದಲ್ಲಿ ಕತಾರಿನವರು ತಲೆಯಿಂದ ಹೊಡೆದ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಕಂಠೀರವದಲ್ಲಿ ಬೆಂಗಳೂರಿನ ಗೋಲನ್ನು ಕಾಯುತ್ತಿದ್ದವರೂ ಅವರೇ. ಚೆಂಡು ಉರುಳಿಕೊಂಡು ಅಂಕಣದ ಗೆರೆಯನ್ನು ದಾಟಿಹೋಯಿತು. ಒಬ್ಬನು ಅದನ್ನು ಕಾಲಿನಿಂದ ಒಳಕ್ಕೆಳೆದನು. ಮತ್ತೊಬ್ಬನು ಗೋಲಿಗೆ ತಳ್ಳಿದನು. ಭಾರತದ ಆಟಗಾರರು ಆಟ ನಿಂತಿತೆಂದೇ ಭಾವಿಸಿ ನಿಂತಿದ್ದರು. ತೀರ್ಪುಗಾರರು ಗೋಲೆಂದರು. ಅರ್ಹತೆಯ ಆ ಸುತ್ತಿನಲ್ಲಿ ವಿಡಿಯೋ ನೋಡುವ ಏರ್ಪಾಡು ಇರಲಿಲ್ಲ. ಭಾರತವು ೧-೨ರಿಂದ ಸೋತಿತು. ಒಕ್ಕೂಟದವರು ದೂರನ್ನು ಕೊಟ್ಟರು; ಫಲಿತಾಂಶ ಬದಲಾಗಲಿಲ್ಲ. ಇಲ್ಲಿ ಕಂಠೀರವದಲ್ಲಿದ್ದಂತೆ ಅಭಿಪ್ರಾಯಭೇದಕ್ಕೆ ಅವಕಾಶ ಕಡಮೆ. ಚಿತ್ರವನ್ನು ಒಂದೇ ಒಂದು ಸಲ ಪಕ್ಕದಲ್ಲಿ ನಿಂತು ನೋಡಿದ್ದರೂ ಸಾಕಾಗುತ್ತಿದ್ದಿತು.

ಈ ಉಪಾಯವು ಲೋಕಕ್ಕೆ ಹೊಸದಲ್ಲ. ೨೦೧೦ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಅವರು ಜರ್ಮನಿಗೆ ಎದುರಾಗಿ ಹೊಡೆದ ಚೆಂಡು ಗೆರೆಯನ್ನು ಸ್ಪಷ್ಟವಾಗಿ ದಾಟಿದ್ದರೂ ಗೋಲೆನ್ನಿಸಿಕೊಳ್ಳಲಿಲ್ಲ. ಅಲ್ಲಿಂದ ಹುಟ್ಟಿದ ಗದ್ದಲದ ಫಲವಾಗಿ ೨೦೧೪ರ ವಿಶ್ವಕಪ್ಪಿಗೆ, ಚೆಂಡು ಗೆರೆಯನ್ನು ದಾಟಿದುದನ್ನು ಹೇಳುವ ಯಂತ್ರ ಬಂದಿತು. ೨೦೧೮ರ ವಿಶ್ವಕಪ್ಪಿನಲ್ಲಿ ವಿಡಿಯೋ ಸಹಾಯಕ ತೀರ್ಪುಗಾರರು ಬಂದರು. ಇದನ್ನೇ ಜನರು ವಿ. ಎ. ಆರ್. ಎನ್ನುವುದು. ಗೋಲು, ಪೆನಾಲ್ಟಿ, ನೇರವಾದ ಕೆಂಪು ಚೀಟಿ, ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ದಂಡಿಸಿದುದು, ಈ ನಾಲ್ಕು ವಿಷಯಗಳಲ್ಲಿ ಮಾತ್ರ, ಅದೂ ತಪ್ಪು ನಿಚ್ಚಳವಾಗಿದ್ದರೆ, ಅವರು ಆಗ ನಡುವೆ ಬರಬಹುದಾಗಿದ್ದಿತು. ನಮ್ಮ ಕರ್ನಾಟಕಕ್ಕೂ ಇದರ ಸೋಂಕು ಉಂಟು. ಕಂಠೀರವದ ಗದ್ದಲವಾದ ಮರುದಿನವೇ, ೨೦೨೩ರ ಮಾರ್ಚಿ ೪ರಂದು, ಕರ್ನಾಟಕ ತಂಡವು ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ, ೧೯೬೮-೬೯ರ ತರುವಾಯ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಪಡೆಯಿತು. ಆ ಕೂಟದ ಕೊನೆಯ ಪಂದ್ಯಗಳಿಗೆ ವಿಡಿಯೋ ಸಹಾಯದ ಏರ್ಪಾಡನ್ನು ಪ್ರಕಟಿಸಿದ್ದರು. ಆದರೆ ಇಂಡಿಯನ್ ಸೂಪರ್ ಲೀಗು ೨೦೨೪-೨೫ರ ಋತುವಿನವರೆಗೂ ಅದಿಲ್ಲದೆಯೇ ನಡೆಯಿತು. ಅನೇಕ ಕ್ಯಾಮರಾಗಳು, ಅವುಗಳನ್ನು ನಡೆಸುವ ಜನ, ಅದಕ್ಕೆಂದೇ ತರಬೇತಾದ ತೀರ್ಪುಗಾರರು ಬೇಕಾಗುವುದರಿಂದ ಅದರ ವೆಚ್ಚವು ಅಲ್ಪವಲ್ಲ.

ಯಂತ್ರವು ಬಂದ ಕಡೆಗಳಲ್ಲಿ ಜನರು ತೃಪ್ತರಾದರೆ? ಅದೂ ಇಲ್ಲ. ೨೦೨೩ನೆಯ ಸೆಪ್ಟೆಂಬರ್ ೩೦ರಂದು ಲಂಡನ್ನಿನಲ್ಲಿ ಲಿವರ್‌ಪೂಲ್ ತಂಡದ ಲೂಯಿಸ್ ಡಿಯಾಸ್ ಅವರ ಶುದ್ಧವಾದ ಗೋಲನ್ನು ಮೈದಾನದ ತೀರ್ಪುಗಾರರು ಅಲ್ಲಗಳೆದರು. ವಿಡಿಯೋ ಕೋಣೆಯಲ್ಲಿದ್ದವರು ಗೋಲನ್ನೇ ಕೊಟ್ಟಿದ್ದಾರೆಂದು ತಪ್ಪಾಗಿ ತಿಳಿದು, ತೀರ್ಪು ಸರಿಯಾಗಿದೆಯೆಂದು ಹೇಳಿಬಿಟ್ಟರು. ತಪ್ಪು ತಿಳಿಯುವಷ್ಟರಲ್ಲಿ ಆಟ ಮುಂದುವರಿದಿದ್ದಿತು. ಚಿತ್ರ ಸರಿಯಾಗಿತ್ತು, ಮಾತು ತಪ್ಪಿತು. ೨೦೨೪ರಲ್ಲಿ ವುಲ್ವ್ಸ್ ತಂಡದವರು ಈ ಏರ್ಪಾಡನ್ನೇ ತೆಗೆದುಬಿಡಬೇಕೆಂದು ಸೂಚಿಸಿದಾಗ ಇಂಗ್ಲೆಂಡಿನ ಉಳಿದ ೧೯ ತಂಡಗಳು ಒಪ್ಪಲಿಲ್ಲ. ಅದೇ ವರ್ಷ ಸ್ವೀಡನ್ನಿನ ಕ್ಲಬ್ಬುಗಳಾದರೋ ಅಭಿಮಾನಿಗಳ ಇಷ್ಟವನ್ನು ಅನುಸರಿಸಿ ಅದು ಬೇಡವೆಂದೇ ತೀರ್ಮಾನಿಸಿದುವು.

ಸ್ವೀಡನ್ನಿನವರ ಬೇಸರದ ಕಾರಣವನ್ನು ನಮಗೆ ತಿಳಿಯುವಂತೆ ಮಾಡಿದವರು ಚಹದಂಗಡಿಯ ವೃದ್ಧರೇ. ಅವರು ಹೇಳಿದರು: “ನೋಡಿ ಸ್ವಾಮಿ, ಗಣಿಯಿಂದ ಮೇಲೆ ಬಂದಾಗ ನಮ್ಮನ್ನೆಲ್ಲ ತಡವಿ ನೋಡಿ ಹೊರಕ್ಕೆ ಬಿಡುತ್ತಿದ್ದರು. ಚಿನ್ನದ ಗಣಿ, ತಪ್ಪೆನ್ನಲಾರೆ. ಆದರೆ ಕದಿಯುವವನು ಒಬ್ಬ, ಕೈಯೆತ್ತಿ ನಿಲ್ಲುವವರು ಎಲ್ಲರೂ. ಈಗ ಟೀವಿಯಲ್ಲಿ ವಿಲಾಯತಿ ಆಟ ನೋಡುತ್ತೇನೆ. ಗೋಲು ಹೊಡೆದ ಹುಡುಗ ಓಡಿಬರುತ್ತಾನೆ, ಕುಣಿಯಬೇಕು. ಅಷ್ಟರಲ್ಲಿ ತಡೆದು ನಿಲ್ಲಿಸುತ್ತಾರೆ. ಜೇಬು ತಡವಿದ ಮೇಲೆ, ಈಗ ಕುಣಿ ಎನ್ನುತ್ತಾರೆ. ಆಮೇಲೆ ಕುಣಿದರೆ ಅದು ಕುಣಿತವೇ?”

ಬದುಕಿನಿಂದ ಬಂದ ಉಪಮಾನವಾದುದರಿಂದ ಇದಕ್ಕೆ ನಾವು ಯಾರೂ ಕೂಡಲೆ ಉತ್ತರ ಕೊಡಲಿಲ್ಲ. ಗಣಿಯ ಚರಿತ್ರೆಯಲ್ಲಿಯೂ ಇದರ ಜಾಡು ಉಂಟು. ೧೯೩೦ರಲ್ಲಿ ಕೂಲಿಗಾರರೆಲ್ಲರೂ ಬೆರಳಚ್ಚನ್ನು ಕೊಟ್ಟು ಹೆಸರು ದಾಖಲು ಮಾಡಿಸಬೇಕೆಂದಾಗ ಸಾವಿರಾರು ಮಂದಿ ಕೆಲಸವನ್ನು ಬಿಟ್ಟು ಮುಷ್ಕರ ಹೂಡಿದರು. ಬೆರಳಚ್ಚು ಸುಳ್ಳು ಹೇಳುವ ಸಾಧನವೇನೂ ಅಲ್ಲ. ಸತ್ಯವನ್ನು ಹೇಳುವ ಸಾಧನವನ್ನು ಜನರು ಏಕೆ ಒಲ್ಲೆನೆಂದರು? ಅದು ತಮ್ಮ ಕಡೆಗೆ ಮಾತ್ರ ತಿರುಗಿರುವ ಕಣ್ಣೆಂದು ಅವರಿಗೆ ಅನಿಸಿತು. ಆಳುವವರನ್ನು ಪರೀಕ್ಷಿಸುವ ಬೆರಳಚ್ಚು ಇರಲಿಲ್ಲ. ಆಟಕ್ಕೂ ಈ ಮಾತು ಸಲ್ಲುತ್ತದೆ. ಯಂತ್ರವು ಆಟಗಾರನ ಹೆಬ್ಬೆರಳು ಗೆರೆಯಾಚೆಗೆ ಎಷ್ಟಿದ್ದಿತೆಂದು ಅಳೆಯುವಷ್ಟೇ ಶ್ರದ್ಧೆಯಿಂದ ತೀರ್ಪುಗಾರನ ತಪ್ಪನ್ನೂ ತಿದ್ದುವುದಾದರೆ ಜನರು ಒಪ್ಪುತ್ತಾರೆ. ಮೇಲಿನವರ ಮಾತನ್ನು ಇನ್ನಷ್ಟು ಅಲುಗದಂತೆ ಮಾಡುವುದಕ್ಕಷ್ಟೇ ಅದು ಬಂದಿದೆಯೆಂದು ತೋರಿದರೆ ಒಪ್ಪುವುದಿಲ್ಲ.

ಇನ್ನು, ಚಿತ್ರವೊಂದಿದ್ದರೆ ಸಕಲ ವಿವಾದವೂ ತೀರುವುದೆಂಬ ನಂಬಿಕೆಗೂ ಈ ಗಣಿಯೇ ಒಂದು ಪಾಠವನ್ನು ಹೇಳಿದೆ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ೨ ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನು ಇಂಗ್ಲೆಂಡುಗಳ ವಿಜ್ಞಾನಿಗಳೊಡನೆ ಸೇರಿ ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಗುರುತನ್ನು ಕಂಡರು. ಲೋಕದಲ್ಲಿ ಅದನ್ನು ಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ. ಆಮೇಲೆ ೧೯೮೦ರ ದಶಕದಲ್ಲಿ, ಪ್ರೋಟಾನು ತಾನಾಗಿ ಒಡೆಯುವುದೇ ಎಂಬುದನ್ನು ಪರೀಕ್ಷಿಸಲು ಅಲ್ಲಿಯೇ ಮತ್ತೊಂದು ದೊಡ್ಡ ಯಂತ್ರವನ್ನು ಕಟ್ಟಿದರು. ಯಂತ್ರದಲ್ಲಿ ಕೆಲವು ಜಾಡುಗಳು ಮೂಡಿದುವು. ಇವು ಪ್ರೋಟಾನು ಒಡೆದ ಗುರುತುಗಳಾಗಿರಬಹುದೆಂದು ಇಲ್ಲಿಯ ವಿದ್ವಾಂಸರು ಎಣಿಸಿದರು. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ನಡೆದ ಇನ್ನೂ ದೊಡ್ಡ ಪರೀಕ್ಷೆಗಳು ಆ ಎಣಿಕೆಯನ್ನು ಸಮರ್ಥಿಸಲಿಲ್ಲ. ಜಾಡು ಸುಳ್ಳಲ್ಲ, ಅದನ್ನು ಮೂಡಿಸಿದ ಯಂತ್ರವೂ ಸುಳ್ಳಲ್ಲ. ಆದರೆ ಇದು ಏನು ಎಂದು ಹೇಳುವ ಕೆಲಸ ಮನುಷ್ಯನದೇ ಆಗಿ ಉಳಿಯಿತು. ದೊಡ್ಡತನವೇನೆಂದರೆ, ಅವರು ತಾವು ಕಂಡುದನ್ನು ಬಚ್ಚಿಡಲಿಲ್ಲ. ಜಾಡನ್ನೂ ತಮ್ಮ ಊಹೆಯನ್ನೂ ಊಹೆಯ ಕಾರಣವನ್ನೂ ಲೋಕದ ಮುಂದಿಟ್ಟರು; ಇತರರು ಪರೀಕ್ಷಿಸಲೆಂದು ಬಿಟ್ಟರು.

ಕಾಲ್ಚೆಂಡಿನ ತೀರ್ಪಿನಲ್ಲಿ ಸಾಮಾನ್ಯ ಪ್ರೇಕ್ಷಕನಿಗೆ ದೊರೆಯದಿರುವುದು ಇದೇ. ಮನುಷ್ಯನು ತಪ್ಪುವನೆಂಬುದು ಯಾರಿಗೆ ತಿಳಿಯದು? ಓಡುತ್ತೋಡುತ್ತ, ಇಪ್ಪತ್ತೆರಡು ಜನರ ನಡುವೆ, ಕ್ಷಣಾರ್ಧದಲ್ಲಿ ಹೇಳಬೇಕಾದ ತೀರ್ಪು ನೂರಕ್ಕೆ ನೂರು ಸರಿಯಾಗಿರಬೇಕೆನ್ನುವುದು ನಿರ್ದಯ. ಜನರನ್ನು ಸುಡುವುದು ತಪ್ಪಲ್ಲ; ತಪ್ಪಿನ ಸುತ್ತಣ ಮೌನ. ಎಲ್ಲರೂ ಕಂಡುದನ್ನು ಹೊಣೆಗಾರರು ಕಾಣದವರಂತೆ ಇರುವುದು. ಕಾರಣವನ್ನು ಕೇಳಿದವನಿಗೆ ಅಂತಿಮವೆಂಬ ಒಂದೇ ಶಬ್ದವನ್ನು ಉತ್ತರವಾಗಿ ಕೊಡುವುದು. ೨೦೨೩ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನಲ್ಲಿ, ವಿಡಿಯೋ ನೋಡಿದ ಮೇಲೆ ತೀರ್ಪುಗಾರರು ತಮ್ಮ ತೀರ್ಮಾನವನ್ನು ಧ್ವನಿವರ್ಧಕದ ಮೂಲಕ ಇಡೀ ಕ್ರೀಡಾಂಗಣಕ್ಕೆ ತಿಳಿಸುವ ಪದ್ಧತಿಯನ್ನು ತಂದರು. ಸಣ್ಣ ಬದಲಾವ ಣೆಯೆಂದು ತೋರಬಹುದು. ಆದರೆ ಸೋತವನು ಮನೆಗೆ ಹೋಗುವಾಗ, ನಾನು ಹೀಗಾದುದರಿಂದ ಸೋತೆನೆಂದು ಹೇಳಿಕೊಳ್ಳಲು ಒಂದು ವಾಕ್ಯ ಅವನ ಕೈಯಲ್ಲಿರುತ್ತದೆ.

ದೊಡ್ಡ ಏರ್ಪಾಡಿಗೆ ಹಣವಿಲ್ಲದ ಕಡೆಗೂ ದಾರಿ ಇಲ್ಲದಿಲ್ಲ. ಹತ್ತಾರು ಕ್ಯಾಮರಾಗಳೂ ಪ್ರತ್ಯೇಕ ಕೋಣೆಯೂ ಇಲ್ಲದೆ, ಮೈದಾನದ ಬದಿಯ ಒಂದು ಪರದೆಯಲ್ಲಿ ತೀರ್ಪುಗಾರನೇ ನೋಡಿಕೊಳ್ಳುವ ಸರಳವಾದ ಕ್ರಮವೊಂದನ್ನು ೨೦೨೪ರಿಂದ ಫೀಫಾ ಸಂಸ್ಥೆಯವರು ಪರೀಕ್ಷಿಸಿದರು. ಅದರಲ್ಲಿ ತಂಡದ ಶಿಕ್ಷಕರು ಮಿತವಾದ ಸಂಖ್ಯೆಯಲ್ಲಿ ಮಾತ್ರ ಪುನರ್ವಿಚಾರವನ್ನು ಬೇಡಬಹುದು. ದೂರು ಬಂದಾಗ ತೆರೆದು ನೋಡುವುದು ಈ ಕ್ರಮ. ಚಹದಂಗಡಿಯಲ್ಲಿ ಇದನ್ನು ವಿವರಿಸಿದಾಗ ಅಳಿಯನು ಉತ್ಸಾಹದಿಂದ ತಲೆಯಾಡಿಸಿದನು. ವೃದ್ಧರು, “ಬರಲಿ. ಬಂದಮೇಲೆ ನಮ್ಮ ಗೋಲು ಹೋದರೂ ಬೈಯಬಾರದು, ಅಷ್ಟೇ,” ಎಂದರು.

“ಆ ಹೊತ್ತಿಗೆ ಬೈಯುತ್ತೇನೆ ಮಾವ. ಆಮೇಲೆ ಒಪ್ಪುತ್ತೇನೆ,” ಎಂದನು ಅಳಿಯ. ಇಷ್ಟು ಪ್ರಾಮಾಣಿಕವಾದ ಉತ್ತರವು ನಮಗೆ ದೊಡ್ಡವರ ಹೇಳಿಕೆಗಳಲ್ಲಿ ಸಿಕ್ಕಿರಲಿಲ್ಲ.

ಗಣಿಯ ಸೀಮೆಯ ಜನರಿಗೆ ತೀರ್ಪುಗಳ ಪರಿಚಯ ಹೊಸದಲ್ಲ. ಮುಚ್ಚಬೇಕೆಂಬ ತೀರ್ಪು ಅವರ ಮನೆಯ ಒಲೆಗೇ ಬಂದ ತೀರ್ಪು. ಅದನ್ನು ಮತ್ತೆ ತೋರಿಸುವ ಪರದೆ ಯಾವ ಮೈದಾನದಲ್ಲಿಯೂ ಇಲ್ಲ. ಆದುದರಿಂದಲೇ ಇರಬೇಕು, ಆಟದಂತಹ ಚಿಕ್ಕ ಲೋಕದಲ್ಲಾದರೂ ತಪ್ಪು ತಿದ್ದಿಕೊಳ್ಳುವಂತಿರಲಿ ಎಂಬ ಆಸೆ ಅವರಲ್ಲಿ ಅಷ್ಟು ತೀವ್ರವಾಗಿದೆ. ತಿದ್ದಬಹುದಾದ ತಪ್ಪನ್ನು ತಿದ್ದದೆ ಬಿಡುವುದು ಬೇರೆ. ತಿದ್ದಲಾಗದ ತಪ್ಪನ್ನು ಸಹಿಸುವುದು ಬೇರೆ. ಎರಡನೆಯದನ್ನು ಅವರು ಸಾಕಷ್ಟು ಮಾಡಿದ್ದಾರೆ.

ಈ ಕಡೆಗೆ ಪ್ರವಾಸ ಹೋಗುವವರು ಸಂಜೆಯ ಬಿಸಿಲು ಇಳಿಯುವಾಗ ಯಾವುದಾದರೂ ಆಟದ ಬಯಲಿನ ಬಳಿ ಅರ್ಧ ಗಂಟೆ ನಿಲ್ಲಬೇಕು. ಸೈನೈಡ್ ಗುಡ್ಡಗಳ ನೆರಳು ಉದ್ದವಾಗುತ್ತಿರುವಾಗ ಹುಡುಗರು ಕೆಂಪು ನೆಲದಲ್ಲಿ ಕಲ್ಲುಗಳನ್ನು ಗೋಲುಕಂಬಗಳಾಗಿ ಇಟ್ಟು ಆಡುತ್ತಾರೆ. ಅಲ್ಲಿ ಗೆರೆಯಿಲ್ಲ, ಕ್ಯಾಮರಾ ಇಲ್ಲ. ಎಷ್ಟೋ ಸಲ ತೀರ್ಪುಗಾರನೂ ಇಲ್ಲ. ಚೆಂಡು ಕಲ್ಲಿನ ಮೇಲಾಗಿ ಹೋಯಿತೋ ಒಳಗಾಗಿ ಹೋಯಿತೋ ಎಂದು ಜಗಳವಾಗುತ್ತದೆ. ಒದ್ದವನನ್ನೇ ಕೇಳುತ್ತಾರೆ. ಅವನು ಕೆಲವು ಸಲ ನಿಜವನ್ನೂ ಕೆಲವು ಸಲ ಸುಳ್ಳನ್ನೂ ಹೇಳುತ್ತಾನೆ. ಯಾವಾಗ ಏನು ಹೇಳಿದನೆಂಬುದು ಊರಿಗೆಲ್ಲ ನೆನಪಿರುತ್ತದೆ. ಮಾರಿಕುಪ್ಪಂನಿಂದ ಹೊರಟ ರೈಲಿನ ಕೂಗು ಕೇಳಿಬರುವವರೆಗೂ ಆಟ ನಡೆದಿರುತ್ತದೆ.